ಪಾತ್ರೆ ಯಾರದು?



ನಮ್ಮದು ಯಲಬುರ್ಗಾ ಸೀಮೆಯ ಒಂದು ಎರೆ ನೆಲದ ಹಳ್ಳಿ. ನಾನು ಚಿಕ್ಕವಳಿದ್ದಾಗ ಅಲ್ಲಿ ಒಂದು ಗಾಣವಿತ್ತು. ಗಾಣದ ಮುತ್ಯಾ ಎಣ್ಣೆ ಅಳೆಯುವ ಮೊದಲು ಒಂದು ಮಾತು ಕೇಳುತ್ತಿದ್ದರು: ‘ಡಬ್ಬಿ ತಂದಿಯೇನವಾ?’ ತಂದಿದ್ದರೆ ಎಣ್ಣೆ, ಇಲ್ಲದಿದ್ದರೆ ಇಲ್ಲ. ಒಂದು ಸಂಜೆ ಆಟದ ಗುಂಗಿನಲ್ಲಿ ಬರಿಗೈಲಿ ಹೋಗಿಬಿಟ್ಟಿದ್ದೆ. ಮುತ್ಯಾ ಬೈಯಲಿಲ್ಲ. ‘ಹೋಗಿ ಡಬ್ಬಿ ತಗೊಂಡು ಬಾ, ಅಲ್ಲೀತನಕ ಗಾಣ ಎಲ್ಲಿ ಹೋಗತೈತಿ’ ಅಂದರು. ಮನೆಗೆ ಓಡಿ ಬಂದು, ಅವ್ವನಿಂದ ಎರಡು ಮಾತು ಕೇಳಿಸಿಕೊಂಡು, ಡಬ್ಬಿ ಹಿಡಿದು ಮತ್ತೆ ಓಡಿದೆ. ಆಮೇಲೆ ನಾನು ಡಬ್ಬಿ ಮರೆತದ್ದಿಲ್ಲ.

ಈಗ ಆ ಪ್ರಶ್ನೆಯನ್ನು ಯಾವ ಅಂಗಡಿಯವರೂ ಕೇಳುವುದಿಲ್ಲ. ಕೊತ್ತಂಬರಿ ಕೊಂಡರೆ ಒಂದು ಕವರ್, ಮೆಣಸಿನಕಾಯಿಗೆ ಇನ್ನೊಂದು, ಎರಡನ್ನೂ ಸೇರಿಸಿ ಹಿಡಿಯಲು ಮೂರನೆಯದು. ಮೂವತ್ತು ವರ್ಷ ಪದವಿಪೂರ್ವ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವಳು ನಾನು. ಪ್ಲಾಸ್ಟಿಕ್ಕಿನ ಅಣುರಚನೆಯನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಈ ಕಸದ ಮೂಲ ಆ ರಚನೆಯಲ್ಲಿ ಇಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ. ಮೂಲ ಇರುವುದು ಗಾಣದ ಮುತ್ಯಾನ ಪ್ರಶ್ನೆಯಲ್ಲಿ. ಸರಕನ್ನು ತುಂಬಿಕೊಂಡು ಹೋಗುವ ಪಾತ್ರೆ ಯಾರದು? ಹಿಂದೆ ಅದು ಕೊಳ್ಳುವವರದಾಗಿತ್ತು. ನಂತರ ಮಾರುವವರದಾಯಿತು. ಬಳಸಿ ಬಿಸಾಕಿದ ಮೇಲೆ ಯಾರದೂ ಅಲ್ಲದ್ದಾಯಿತು. ಅದನ್ನು ಮತ್ತೆ ನಮ್ಮದು ಮಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ನನ್ನ ಇವತ್ತಿನ ಮಾತು.

ಪಾತ್ರೆಯ ಮಾತು ಈ ನೆಲಕ್ಕೆ ಹೊಸದಲ್ಲ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣದ ಹೆಸರು ಹೇಳುತ್ತದೆ. ಆ ಕೊಪಣವೇ ನಮ್ಮ ಕೊಪ್ಪಳ, ಒಂದು ಕಾಲಕ್ಕೆ ಜೈನರ ಮಹಾತೀರ್ಥ. ದಿಗಂಬರ ಮುನಿಗಳು ಮನೆ, ಮಾರು, ಮೈಮೇಲಿನ ಬಟ್ಟೆ ಎಲ್ಲವನ್ನೂ ತೊರೆದವರು. ಆದರೂ ಒಂದು ಕೈಯಲ್ಲಿ ನವಿಲುಗರಿಯ ಪಿಂಛ, ಇನ್ನೊಂದರಲ್ಲಿ ನೀರಿನ ಕಮಂಡಲ ಇರುತ್ತಿತ್ತು. ಮುಂದೆ ಇದೇ ನೆಲದಲ್ಲಿ ನಡೆದಾಡಿದ ಜಂಗಮರ ಹೆಗಲಲ್ಲಿ ಜೋಳಿಗೆ ಇತ್ತು. ಎಲ್ಲ ಬಿಟ್ಟವರೂ ತಮ್ಮ ಪಾತ್ರೆಯನ್ನು ತಾವೇ ಹೊತ್ತರು. ನಾನು ಧರ್ಮದ ವ್ಯಾಖ್ಯಾನ ಮಾಡಲು ಬಂದವಳಲ್ಲ. ಆದರೆ ಕೊಪ್ಪಳದ ಗುಡ್ಡಗಳನ್ನು ನೋಡಿದಾಗಲೆಲ್ಲ ಆ ಕಮಂಡಲ ನನ್ನ ಕಣ್ಣ ಮುಂದೆ ಬರುತ್ತದೆ.

ನಿವೃತ್ತಿಯಾದ ವರ್ಷ ಒಂದು ಕೆಲಸ ಮಾಡಿದೆ. ಮನೆಗೆ ಬಂದ ಪ್ಲಾಸ್ಟಿಕ್ಕನ್ನು ಒಂದು ತಿಂಗಳು ಹೊರಗೆ ಹಾಕದೆ, ತೊಳೆದು ಒಣಗಿಸಿ ಗೋಣಿಚೀಲದಲ್ಲಿ ಕೂಡಿಟ್ಟೆ. ನಾವು ಇರುವುದು ಇಬ್ಬರೇ, ಅದೂ ಮಿತವಾಗಿ ಬದುಕುವವರು ಎಂದು ನಾನು ತಿಳಿದಿದ್ದೆ. ತಿಂಗಳ ಕೊನೆಗೆ ಚೀಲವನ್ನು ಅಂಗಳದಲ್ಲಿ ಸುರುವಿದಾಗ ನನ್ನ ಮನೆಯವರು ಬಾಗಿಲಲ್ಲೇ ನಿಂತುಬಿಟ್ಟರು. ಹಾಲಿನ ಪಾಕೀಟು, ಎಣ್ಣೆಯ ಪಾಕೀಟು, ತರಕಾರಿಯ ತೆಳು ಕವರು, ಬಿಸ್ಕಿಟಿನ ಹೊದಿಕೆ, ಶಾಂಪೂ ಸ್ಯಾಶೆ, ಮಸಾಲೆ ಪುಡಿಯ ಚೀಟು, ಗುಳಿಗೆಯ ಪಟ್ಟಿ, ಮಗಳು ಬೆಂಗಳೂರಿನಿಂದ ಆನ್‌ಲೈನಿನಲ್ಲಿ ಕಳಿಸಿದ ಒಂದು ಸೀರೆಗೆ ಸುತ್ತಿದ್ದ ಮೂರು ಪದರದ ಹಾಳೆ.

ಗುಜರಿಯವನನ್ನು ಕರೆದೆ. ಅವನು ಆ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸರಸರ ಎರಡು ಪಾಲು ಮಾಡಿದ. ಹಾಲಿನ ಪಾಕೀಟು, ಬಾಟಲಿ, ಡಬ್ಬಿ, ಒಡೆದ ಬಕೆಟ್ ಅವನ ಚೀಲಕ್ಕೆ ಹೋದವು. ಉಳಿದದ್ದನ್ನು ಕೈಯಿಂದ ಸರಿಸಿ, ‘ಇದಕ್ಕ ರೇಟಿಲ್ರಿ ಅಕ್ಕಾರ’ ಎಂದ. ನಮ್ಮ ಕೊಪ್ಪಳದ ಭಾಗ್ಯನಗರ ಕೂದಲಿನ ವ್ಯಾಪಾರಕ್ಕೆ ಹೆಸರಾದ ಊರು. ಹೆಣ್ಣುಮಕ್ಕಳು ಬಾಚುವಾಗ ಉದುರಿದ ಕೂದಲನ್ನೂ ಮನೆಮನೆಗೆ ಬಂದು ಕೊಳ್ಳುವವರಿದ್ದಾರೆ. ಬಾಚಣಿಕೆಯಲ್ಲಿ ಸಿಕ್ಕ ಕೂದಲಿಗೆ ಬೆಲೆಯಿದೆ, ಬಣ್ಣಬಣ್ಣದ ಪಾಕೀಟಿಗೆ ಇಲ್ಲ.

ಏಕೆ ಇಲ್ಲ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಹಾಲಿನ ಪಾಕೀಟು ಪಾಲಿಥೀನ್ ಎಂಬ ಒಂದೇ ಜಾತಿಯದು. ಕರಗಿಸಿದರೆ ಮತ್ತೆ ಪಾಲಿಥೀನ್ ಸಿಗುತ್ತದೆ. ಚಿಪ್ಸಿನ ಪಾಕೀಟು ಹಾಗಲ್ಲ. ಬೇರೆ ಬೇರೆ ಪ್ಲಾಸ್ಟಿಕ್ಕಿನ ಪದರಗಳು, ನಡುವೆ ಕಣ್ಣಿಗೆ ಬೆಳ್ಳಿಯಂತೆ ಕಾಣುವ ಅಲ್ಯೂಮಿನಿಯಂ ಲೇಪ. ಅವು ಒಂದೇ ಶಾಖಕ್ಕೆ ಕರಗುವುದಿಲ್ಲ, ಬಿಡಿಸಲು ಬರುವುದಿಲ್ಲ, ಬಿಡಿಸಿದರೂ ಖರ್ಚು ಗಿಟ್ಟುವುದಿಲ್ಲ. ಪ್ಲಾಸ್ಟಿಕ್ ಹುಟ್ಟಿದಾಗಿನಿಂದ 2015ರವರೆಗೆ ಜಗತ್ತಿನಲ್ಲಿ ಆದ ಕಸದ ಲೆಕ್ಕವನ್ನು ಅಮೆರಿಕದ ಮೂವರು ವಿಜ್ಞಾನಿಗಳು 2017ರಲ್ಲಿ ಹಾಕಿದರು. ಮರುಬಳಕೆಯಾದದ್ದು ನೂರಕ್ಕೆ 9 ಭಾಗ. ಸುಟ್ಟದ್ದು 12. ಉಳಿದ 79 ಭಾಗ ತಿಪ್ಪೆಯಲ್ಲಿ, ಹೊಲದಲ್ಲಿ, ಹಳ್ಳದಲ್ಲಿ, ಸಮುದ್ರದಲ್ಲಿ ಹಾಗೇ ಇದೆ. ಆದ್ದರಿಂದ ‘ಮರುಬಳಕೆ ಮಾಡಿದರಾಯಿತು’ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಮನೆಯೊಳಗೆ ಬರುವಾಗಲೇ ತಡೆಯಬೇಕು.

ಹಾಲಿನ ಪಾಕೀಟಿನ ಬಗ್ಗೆ ಒಂದು ಸಣ್ಣ ಮಾತು. ತುದಿಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಆ ಚೂರು ಉಗುರಿನಷ್ಟು ಇರುತ್ತದೆ, ಯಾವ ಗುಜರಿಯವನ ಕೈಗೂ ಸಿಗುವುದಿಲ್ಲ, ಮೋರಿ ಸೇರುತ್ತದೆ. ಅರ್ಧ ಕತ್ತರಿಸಿ, ಚೂರು ಪಾಕೀಟಿಗೇ ಅಂಟಿಕೊಂಡಿರಲಿ. ಎರಡು ಹನಿ ನೀರು ಹಾಕಿ ತೊಳೆದು ತಂತಿಗೆ ಸಿಕ್ಕಿಸಿ. ದಿನಕ್ಕೆರಡು ಪಾಕೀಟು ತರುವ ಮನೆಯಲ್ಲಿ ಈ ಒಂದೇ ರೂಢಿಯಿಂದ ವರ್ಷಕ್ಕೆ 730 ಚೂರುಗಳು ಮಣ್ಣಿಗೆ ಬೀಳುವುದು ತಪ್ಪುತ್ತದೆ.

ಉಳಿದ ಪಾಕೀಟುಗಳು ನಮ್ಮ ಹಳ್ಳಿಗಳಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದನ್ನು ನೀವೂ ಬಲ್ಲಿರಿ. ನಸುಕಿನಲ್ಲಿ ನೀರಿನ ಒಲೆ ಹೊತ್ತಿಸಲು ಮೊದಲು ಇಡುವುದು ಒಂದು ಕವರ್. ಹಸಿ ಕಟ್ಟಿಗೆಯೂ ಹತ್ತುತ್ತದೆ, ನಿಜ. ಹಂಡೆಯ ಮುಂದೆ ಕುಳಿತು ಊದುವವರು ಮಾತ್ರ ನಮ್ಮ ಸೊಸೆಯಂದಿರು, ಅವರ ತೊಡೆಯ ಮೇಲಿನ ಕೂಸುಗಳು. ಪ್ರಯೋಗಾಲಯದಲ್ಲಿ ನಾನು ಮಕ್ಕಳಿಗೆ ಒಂದು ಪರೀಕ್ಷೆ ತೋರಿಸುತ್ತಿದ್ದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಪಿ.ವಿ.ಸಿ. ತುಂಡಿಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿದರೆ ಹಸಿರು ಬೆಂಕಿ ಬರುತ್ತದೆ. ಅದು ಕ್ಲೋರಿನ್ನಿನ ಗುರುತು. ಅಂಥ ಪ್ಲಾಸ್ಟಿಕ್ ಒಲೆಯಲ್ಲಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಹೊಗೆ ಬರುತ್ತದೆ, ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಯಾವ ಕವರಿನಲ್ಲಿ ಏನಿದೆ ಎಂದು ಒಲೆಯ ಮುಂದೆ ಕುಳಿತವರಿಗೆ ತಿಳಿಯುವುದಿಲ್ಲ. ನನ್ನ ಮಾತಿನಲ್ಲಿ ಇನ್ನೇನು ಮರೆತರೂ ಇದೊಂದನ್ನು ಮರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಲೆ ಹೊತ್ತಿಸಲು ಕಣಕಿ ಇದೆ, ತೊಗರಿ ಕಟ್ಟಿಗೆ ಇದೆ, ಹತ್ತಿ ಕಟ್ಟಿಗೆ ಇದೆ.

ಪ್ಲಾಸ್ಟಿಕ್ಕೇ ಪಾಪ ಎಂದು ನಾನು ಹೇಳುತ್ತಿಲ್ಲ. ತಾಮ್ರದ ಕೊಡ, ಮಣ್ಣಿನ ಕೊಡ ಹೊತ್ತು ಮೈಲಿಗಟ್ಟಲೆ ನಡೆದ ನಮ್ಮ ಅವ್ವಂದಿರ ಕುತ್ತಿಗೆಗೆ ಹಗುರ ಕೊಟ್ಟದ್ದು ಪ್ಲಾಸ್ಟಿಕ್ ಕೊಡ. ರಾಶಿಯ ಹೊತ್ತಿಗೆ ಮಳೆ ಬಂದರೆ ಜೋಳ ಉಳಿಸುವುದು ತಾಡಪತ್ರಿ. ಗೊಬ್ಬರದ ಚೀಲ ನಮ್ಮಲ್ಲಿ ಒಂದು ಹಂಗಾಮಿಗೆ ಮುಗಿಯುವುದಿಲ್ಲ. ಮಳೆಗೆ ಕೊಪ್ಪೆಯಾಗುತ್ತದೆ, ಸಂತೆಗೆ ಚೀಲವಾಗುತ್ತದೆ, ನಾಲ್ಕು ಹೊಲಿದರೆ ಹಾಸಾಗುತ್ತದೆ. ನಮ್ಮ ಅತ್ತೆ ಹೆಣೆಸಿದ್ದ ವಾಯರ್ ಬುಟ್ಟಿ ಇಪ್ಪತ್ತು ವರ್ಷ ತರಕಾರಿ ಹೊತ್ತು, ಈಗಲೂ ಗೂಟಕ್ಕೆ ತೂಗುತ್ತಿದೆ. ಇಂದಿನ ಕ್ಯಾರಿಬ್ಯಾಗಿನ ಆಕಾರವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್, 1960ರ ದಶಕದಲ್ಲಿ. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ, ಜನ ಇದನ್ನೇ ಮಡಚಿ ಜೇಬಿನಲ್ಲಿಟ್ಟು ಮತ್ತೆ ಮತ್ತೆ ಬಳಸಲಿ ಎಂಬುದು ಅವರ ಎಣಿಕೆಯಾಗಿತ್ತು ಎಂದು ಅವರ ಮಗ ಹೇಳಿದ್ದಾರೆ. ಜೇಬಿಗೆ ಮರಳಬೇಕಾದ ಚೀಲ ಬೇಲಿಯ ಜಾಲಿಮುಳ್ಳಿಗೆ ಸಿಕ್ಕಿತು. ವಸ್ತು ಅದೇ, ಬಳಸುವ ಕೈ ಬದಲಾಯಿತು.

ಕಾನೂನು ನಮ್ಮಲ್ಲಿ ಕಡಿಮೆಯಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ಕ್ಯಾರಿಬ್ಯಾಗ್, ಫ್ಲೆಕ್ಸ್, ಬಾವುಟ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆಯವರೆಗೆ ನಿಷೇಧಿಸಿತು. ಕೇಂದ್ರದ ನಿಯಮ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ದೇಶದಾದ್ಯಂತ ನಿಲ್ಲಿಸಿತು. ಆ ವರ್ಷದ ಕೊನೆಗೆ 120 ಮೈಕ್ರಾನಿಗಿಂತ ತೆಳುವಾದ ಚೀಲಗಳೂ ನಿಷೇಧದೊಳಗೆ ಬಂದವು. ಆದರೂ ಸಂತೆಯಲ್ಲಿ ತೆಳು ಕವರು ಇದೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯವರು ದಾಳಿ ಮಾಡಿದ ವಾರ ಕಾಣೆಯಾಗಿ ಮುಂದಿನ ವಾರ ಮರಳುತ್ತದೆ. ಬದನೆಕಾಯಿ ಮಾರುವ ಒಬ್ಬ ತಾಯಿಯನ್ನು ಕೇಳಿದೆ. ಅವಳು ಹೇಳಿದ್ದು ಇಷ್ಟು: ‘ನಾ ಕವರ್ ಇಲ್ಲ ಅಂದ್ರ, ಬಾಜೂ ಕುಂತಾಕಿ ಕಡೆ ಹೊಕ್ಕಾರ್ರಿ. ಕವರಿನ ರೊಕ್ಕಾನೂ ನನ್ನ ಮೈಮ್ಯಾಲ.’ ದಂಡ ಹಾಕುವುದು ಅವಳಿಗೆ, ಕವರು ಬೇಡುವುದು ನಾವು. ಆ ತಾಯಿಯ ಮುಂದೆ ನನಗೆ ನಾಚಿಕೆಯಾಯಿತು.

ಚೀಲದ ವಿಷಯದಲ್ಲಿ ಒಂದು ಮೋಸವನ್ನು ಗಮನಿಸಿ. ಬಟ್ಟೆ ಅಂಗಡಿಗಳಲ್ಲಿ, ಮದುವೆಯ ಉಡುಗೊರೆಯಲ್ಲಿ ಕೊಡುವ ಬಣ್ಣದ ಚೀಲ ಮುಟ್ಟಿದರೆ ಬಟ್ಟೆಯಂತಿರುತ್ತದೆ. ‘ನಾವು ಪ್ಲಾಸ್ಟಿಕ್ ಬಿಟ್ಟೇವ್ರಿ’ ಎಂದು ಹೆಮ್ಮೆಯಿಂದ ತೋರಿಸಿದವರಿದ್ದಾರೆ. ಅದು ನೂಲಿನಿಂದ ನೇಯ್ದದ್ದಲ್ಲ, ಪಾಲಿಪ್ರೊಪಿಲಿನ್ ಎಳೆಗಳನ್ನು ಒತ್ತಿ ಅಂಟಿಸಿದ ಹಾಳೆ. ಅದೂ ಪ್ಲಾಸ್ಟಿಕ್ಕೇ. ಅಂಚಿನಿಂದ ಒಂದು ಎಳೆ ಜಗ್ಗಿ ನೋಡಿ. ಬಟ್ಟೆಯಾದರೆ ನೂಲು ಉದ್ದಕ್ಕೆ ಬರುತ್ತದೆ, ಇದು ಹಿಂಜಿದಂತೆ ಬಿರಿಯುತ್ತದೆ. ಕೌದಿ ಹೊಲಿಯುವ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ನಿಜವಾದ ಬಟ್ಟೆಯ ಚೀಲ ದೊಡ್ಡ ಕೆಲಸವೇ? ಸವೆದ ಸೀರೆ, ಹರಿದ ಧೋತರ ಸೇರಿಸಿ ಮೂರು ತಲೆಮಾರು ಹೊದೆಯುವ ಕೌದಿ ಮಾಡುವ ಕೈಗಳು ಅವು. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟಿನ ಹೆಣ್ಣುಮಕ್ಕಳು ಬಾಳೆಯ ದಿಂಡಿನ ನಾರಿನಿಂದ ಚೀಲ, ಬುಟ್ಟಿ ಹೆಣೆದು ಮಾರುತ್ತಿದ್ದಾರೆ. ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ದಿಂಡು ಅದು.

ಇನ್ನು ನೀರು. ಕೈಯಲ್ಲಿ ಬಾಟಲಿ ಹಿಡಿದವರನ್ನು ಬೈಯುವುದು ಸುಲಭ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳಲ್ಲಿ ಹುಟ್ಟಿದವರು ಹಾಗೆ ಬೈಯಲಾರರು. ನಮ್ಮ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೊಣಕಾಲು, ಬೆನ್ನು ಹಿಡಿಯುತ್ತವೆ. ನನ್ನ ತರಗತಿಯಲ್ಲಿ ನಗಲು ಸಂಕೋಚಪಟ್ಟು ಬಾಯಿಗೆ ಸೆರಗು, ವೇಲು ಅಡ್ಡ ಹಿಡಿಯುತ್ತಿದ್ದ ಹುಡುಗಿಯರನ್ನು ನಾನು ಮರೆತಿಲ್ಲ. ಅಂಥ ಊರಿನವರು ಬಸ್‌ಸ್ಟ್ಯಾಂಡಿನ ನಲ್ಲಿಗೆ ಅಂಜಿ ಬಾಟಲಿ ಕೊಂಡರೆ ಅದು ಶೋಕಿಯಲ್ಲ. ನಂಬಿ ಕುಡಿಯುವ ನೀರು ಬಸ್‌ಸ್ಟ್ಯಾಂಡ್, ಆಸ್ಪತ್ರೆ, ಕಚೇರಿ, ಶಾಲೆಗಳಲ್ಲಿ ಸಿಗುವವರೆಗೆ ಬಾಟಲಿ ಕಡಿಮೆಯಾಗದು. ಅದು ಆಡಳಿತದ ಕೆಲಸ, ಅದನ್ನು ಕೇಳಿ ಪಡೆಯಬೇಕು.

ಆದರೆ ದಾರಿಯನ್ನು ತೋರಿಸಿದವರೂ ನಮ್ಮ ಹಳ್ಳಿಯವರೇ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಬೆಳಿಗ್ಗೆ ನಿಂತು ನೋಡಿ. ಸೈಕಲ್ಲಿಗೆ, ಬೈಕಿಗೆ ಇಪ್ಪತ್ತು ಲೀಟರಿನ ಕ್ಯಾನು ಕಟ್ಟಿಕೊಂಡು ಬರುತ್ತಾರೆ, ನಾಣ್ಯ ಹಾಕುತ್ತಾರೆ, ತುಂಬಿಕೊಂಡು ಹೋಗುತ್ತಾರೆ. ಅದೇ ಕ್ಯಾನು ವರ್ಷಾನುಗಟ್ಟಲೆ ಬರುತ್ತದೆ. ಯಾವ ಭಾಷಣವೂ ಇಲ್ಲದೆ, ಯಾವ ದಂಡವೂ ಇಲ್ಲದೆ ಗಾಣದ ಮುತ್ಯಾನ ನಿಯಮ ಅಲ್ಲಿ ಮತ್ತೆ ಬಂದಿದೆ. ನೀರಿಗೆ ಆಗುವುದಾದರೆ ಎಣ್ಣೆಗೆ, ಮೊಸರಿಗೆ, ಬೇಳೆಗೆ ಏಕೆ ಆಗದು?

ಕೆಲಸದ ಜಾಗಕ್ಕೆ ಬರುತ್ತೇನೆ. ನಮ್ಮ ಕಡೆಯ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹನ್ನೊಂದು ಗಂಟೆಗೆ ಚಹಾ ಬರುವ ಬಗೆ ನಿಮಗೆ ಗೊತ್ತು. ಕುದಿಯುವ ಚಹಾವನ್ನು ತೆಳು ಕವರಿನಲ್ಲಿ ಸುರಿದು ಗಂಟು ಹಾಕುತ್ತಾರೆ, ಜೊತೆಗೆ ಕಾಗದದ ಕಪ್ಪುಗಳ ಸಾಲು. ನಾನು ಕೆಲಸ ಮಾಡಿದ ಸ್ಟಾಫ್ ರೂಮಿನಲ್ಲೂ ವರ್ಷಗಟ್ಟಲೆ ಹೀಗೇ ಬಂತು. ರಸಾಯನಶಾಸ್ತ್ರದ ನಾನೂ ಕುಡಿದೆ. ಕಾಗದದ ಕಪ್ಪು ನೀರು ಹೀರಬಾರದೆಂದು ಒಳಗೆ ಪ್ಲಾಸ್ಟಿಕ್ಕಿನ ತೆಳು ಲೇಪ ಇರುತ್ತದೆ. 85-90 ಡಿಗ್ರಿ ಬಿಸಿಯ 100 ಮಿಲಿಲೀಟರ್ ದ್ರವವನ್ನು ಅದರಲ್ಲಿ 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಅದನ್ನು ಓದಿದ ಮರುದಿನ ಒಂದು ಸ್ಟೀಲ್ ಕೆಟ್ಲಿ, ಹದಿನಾರು ಸ್ಟೀಲ್ ಲೋಟ ತಂದೆವು. ಚಹಾದಂಗಡಿಯ ಹುಡುಗನಿಗೂ ಅದೇ ಅನುಕೂಲವಾಯಿತು, ಕೈ ಸುಡುವುದು ನಿಂತಿತು. ತಕರಾರು ಬಂದದ್ದು ಒಂದೇ ಕಡೆಯಿಂದ: ಲೋಟ ಯಾರು ತೊಳೆಯಬೇಕು? ಕುಡಿದವರು ತೊಳೆಯಬೇಕು ಎಂದು ಗೋಡೆಗೆ ಬರೆದು ಹಚ್ಚಿದೆವು. ಮೊದಲ ವಾರ ಕೆಲವು ಲೋಟ ಮೇಜಿನ ಮೇಲೇ ಉಳಿದವು, ಮೂರನೆಯ ವಾರಕ್ಕೆ ನಿಂತಿತು.

2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳಲ್ಲಿ ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ಕಂಡದ್ದರಿಂದ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರಿ ಕಚೇರಿ, ಸಭೆಗಳಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರು ಬೇಡವೆಂದು ಮುಖ್ಯಮಂತ್ರಿಗಳು ಸೂಚಿಸಿದರು. ಒಳ್ಳೆಯ ಆದೇಶ. ಸಣ್ಣ ಕಚೇರಿಯ ಮೂಲೆಯಲ್ಲಿ ಒಂದು ಮಣ್ಣಿನ ಹರವಿ, ಮೇಲೊಂದು ಚರಗಿ ಇಟ್ಟರೆ ಅದು ಪಾಲನೆಯಾಗುತ್ತದೆ.

ಕಾನೂನು ಒಂದು ಬಾಗಿಲು ಮುಚ್ಚಿದಾಗ ಕಸ ಬೇರೆ ಬಾಗಿಲಿನಿಂದ ಬರುವುದನ್ನು ಗುಟ್ಕಾದಲ್ಲಿ ನೋಡಿದೆವು. 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ತಯಾರಕರು ಅಡಿಕೆಯನ್ನು ಒಂದು ಪಾಕೀಟಿನಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಮಾರಿದರು. ತಿನ್ನುವವರು ಅಂಗೈಯಲ್ಲಿ ಕೂಡಿಸಿಕೊಂಡರು. ಒಂದು ಪಾಕೀಟಿದ್ದಲ್ಲಿ ಎರಡಾಯಿತು. ನಮ್ಮ ಬಸ್‌ಸ್ಟ್ಯಾಂಡು, ಶಾಲೆಯ ಕಾಂಪೌಂಡು, ಹೊಲದ ಬದುವು ಎಲ್ಲೆಲ್ಲೂ ಅವೇ ಬಿದ್ದಿವೆ. ಬಾಯಿಯ ಕ್ಯಾನ್ಸರಿನ ಸಂಕಟ ಕಂಡ ಮನೆಗಳು ಈ ಸಭೆಯಲ್ಲೂ ಇರಬಹುದು, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಹಾಗಾದರೆ ಎಲ್ಲ ಹೊರೆಯೂ ಮನೆಯವರದೇ ಎಂದು ಯುವಕರು ಕೇಳುತ್ತಾರೆ. ಅಲ್ಲ. ಪಾಕೀಟು ಮಾಡಿದವರೇ ಅದನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂದು ನಮ್ಮ ನಿಯಮಗಳಲ್ಲೇ ಇದೆ. ಜಗತ್ತಿನ ದೇಶಗಳು ಪ್ಲಾಸ್ಟಿಕ್ ಒಪ್ಪಂದಕ್ಕಾಗಿ 2022ರಿಂದ ಮಾತಾಡುತ್ತಿವೆ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದಾಗಲೂ ಒಮ್ಮತವಾಗಲಿಲ್ಲ. ಹಾಗೆಂದು ನಾವು ಕೇಳದೆ ಇರುವಂತಿಲ್ಲ, ಕೇಳುವುದು ಹೇಗೆ ಎಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿನ ಮಗ್ಗುಲಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಅಲ್ಲಿನ ಗವಿಮಠದ ಶ್ರೀಗಳೂ ಜನರೊಂದಿಗೆ ನಿಂತರು. ಮಕ್ಕಳ ಉಸಿರಿಗಾಗಿ ಬೀದಿಗೆ ಬಂದ ಜನ ಮಕ್ಕಳ ಕೈಯ ಪಾಕೀಟಿನ ಬಗ್ಗೆಯೂ ಕೇಳಬಲ್ಲರು.

ಹೊಲದ ಪ್ಲಾಸ್ಟಿಕ್ಕಿನ ಬಗ್ಗೆ ಪೇಟೆಯವರು ಮಾತಾಡುವುದು ಕಡಿಮೆ. ಕುಷ್ಟಗಿ ಸೀಮೆಯಲ್ಲಿ ದಾಳಿಂಬೆ, ಕಲ್ಲಂಗಡಿ, ಬೀಜೋತ್ಪಾದನೆಯ ತರಕಾರಿ ಬೆಳೆಯುವವರು ಮಲ್ಚಿಂಗ್ ಹಾಳೆ ಹಾಸುತ್ತಾರೆ. ಮಳೆ ಕಡಿಮೆಯಾದ ನೆಲದಲ್ಲಿ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಕೂಲಿ ಉಳಿಯುತ್ತದೆ. ರೈತರ ಲೆಕ್ಕ ತಪ್ಪಲ್ಲ. ಹನಿ ನೀರಾವರಿಯ ಪೈಪು ಹಳತಾದರೆ ಗುಜರಿಯವರು ಕೊಳ್ಳುತ್ತಾರೆ. ಮಣ್ಣು ಮೆತ್ತಿ ಚಿಂದಿಯಾದ ಮಲ್ಚಿಂಗ್ ಹಾಳೆಯನ್ನು ಯಾರೂ ಮುಟ್ಟುವುದಿಲ್ಲ. ಬದುವಿನಲ್ಲಿ ಸುಡುತ್ತಾರೆ, ಇಲ್ಲವೆ ರಂಟೆ ಹೊಡೆದಾಗ ಮಣ್ಣಿನೊಳಗೇ ಚೂರಾಗುತ್ತದೆ. ಇತ್ತ ಇದೇ ಜಿಲ್ಲೆಯ ಗಂಗಾವತಿ, ಕಾರಟಗಿಯ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಯಂತ್ರದ ಕಟಾವು ಮುಗಿದ ಮೇಲೆ ಹುಲ್ಲಿಗೆ ಬೆಂಕಿ ಇಡುತ್ತಾರೆ. ಒಂದು ತಾಲ್ಲೂಕಿನಲ್ಲಿ ನೆಲ ಮುಚ್ಚುವ ಹುಲ್ಲು ಸುಡುತ್ತದೆ, ಇನ್ನೊಂದು ತಾಲ್ಲೂಕಿನಲ್ಲಿ ನೆಲ ಮುಚ್ಚಲು ಪ್ಲಾಸ್ಟಿಕ್ ಕೊಳ್ಳುತ್ತಾರೆ. ಹುಲ್ಲಿನ ಸಾಗಾಟಕ್ಕೆ ಖರ್ಚಿದೆ ನಿಜ, ಹಾಳೆಯ ಹಾಗೆ ಎಲ್ಲ ಬೆಳೆಗೂ ಅದು ಹೊಂದುವುದಿಲ್ಲ. ಆದರೂ ದಾಳಿಂಬೆಯ ಸಾಲಿಗಾದರೂ ಹುಲ್ಲು ತಂದು ನೋಡಬಹುದು. ರೈತ ಸಂಪರ್ಕ ಕೇಂದ್ರಗಳು, ಸಹಕಾರ ಸಂಘಗಳು ಇದನ್ನು ಕೈಗೆತ್ತಿಕೊಂಡರೆ ಎರಡು ಕಡೆಯ ಹೊಗೆಯೂ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಈ ಜಿಲ್ಲೆಯಲ್ಲಿ ಇದಕ್ಕಿಂತ ತುರ್ತಿನ ಪ್ರಯೋಗ ಬೇರೆ ಇಲ್ಲ.

ಹಳ್ಳದ ಮಾತು ಬಿಡುವಂತಿಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಕೊಪ್ಪಳದ ಹಿರೇಹಳ್ಳಕ್ಕೆ ಇಳಿದರು. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಜಾಲಿ, ಹೂಳು, ಕಸ ತೆಗೆಯಲು ಊರೂರಿನ ಜನ ಕೈಹಚ್ಚಿದರು. ಅದೇ ವರ್ಷ ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆಯ ಹೂಳೂ ಹೊರಬಂತು. ಸರ್ಕಾರದ ಟೆಂಡರಿಗೆ ಕಾಯದೆ ಆದ ಕೆಲಸ ಅದು. ನಾವು ಸಂತೆಯಲ್ಲಿ ಕೊಂಡ ಕವರು ಮೋರಿಗೆ ಬಿದ್ದರೆ, ಮೋರಿ ಇಂಥ ಹಳ್ಳಕ್ಕೆ, ಹಳ್ಳ ತುಂಗಭದ್ರೆಗೆ ಸೇರುತ್ತದೆ. ಜನರು ಬೆನ್ನು ಬಗ್ಗಿಸಿ ತೆಗೆದ ಕಸವನ್ನು ಮತ್ತೆ ತುಂಬಿಸುವ ಹಕ್ಕು ನಮಗಿಲ್ಲ.

ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುವುದನ್ನು ನೀವು ನೋಡಿದ್ದೀರಿ. ಟ್ರ್ಯಾಕ್ಟರು, ಚಕ್ಕಡಿಗಳಲ್ಲಿ ರೊಟ್ಟಿ ಹೇರಿಕೊಂಡು ಭಜನೆ ಹಾಡುತ್ತ ಬರುತ್ತಾರೆ. ಕೊಡುವ ಕೈ ಈ ಸೀಮೆಯಲ್ಲಿ ದೊಡ್ಡದು. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವವರು ನಾವು. ಭೂತಾಯಿಗೆ ಉಣ್ಣಿಸಿ ಆಮೇಲೆ ನಾವು ಉಣ್ಣುತ್ತೇವೆ. ಹಿಂದೆ ಊಟ ಮುಗಿದ ಮೇಲೆ ಹೊಲದಲ್ಲಿ ಉಳಿಯುತ್ತಿದ್ದದ್ದು ಮುತ್ತುಗದ ಎಲೆಯ ಪತ್ರಾವಳಿ. ಕಳೆದ ಬಾರಿ ನಮ್ಮ ಬದುವಿನಲ್ಲಿ ಹೊಳಪಿನ ತಟ್ಟೆ, ನೀರಿನ ಬಾಟಲಿ ಉಳಿದಿದ್ದವು. ಅವನ್ನು ಆರಿಸುತ್ತ ನನಗೆ ಅವ್ವ ನೆನಪಾದಳು.

ಆ ನೆನಪಿನಿಂದಲೇ ಒಂದು ಕೆಲಸ ಆಯಿತು. ನಾವೆಲ್ಲ ಇಂದು ಒಂದು ಕುಟುಂಬ ಇಟ್ಟ ದತ್ತಿಯ ಹೆಸರಿನಲ್ಲಿ ಸೇರಿದ್ದೇವೆ. ದತ್ತಿ ಎಂಬುದು ಕನ್ನಡ ಶಾಸನಗಳ ಮಾತು. ದೇವರ ದೀಪಕ್ಕೆ ಗಾಣಕ್ಕಿಷ್ಟು ಸೊಲ್ಲಗೆ ಎಣ್ಣೆ, ಸತ್ರದ ಅನ್ನಕ್ಕೆ ಇಷ್ಟು ಭೂಮಿ ಎಂದು ಕಲ್ಲಿನ ಮೇಲೆ ಬರೆಸಿದರು. ಹಿಂದೆ ಮದುವೆಗೆ ಊರಿನವರ ಪಾತ್ರೆಗಳೇ ಕೂಡಿ ಬರುತ್ತಿದ್ದವು, ಕಂಠದ ಮೇಲೆ ಹೆಸರು ಕೊರೆದಿರುತ್ತಿದ್ದರಿಂದ ತಮ್ಮ ತಮ್ಮ ಮನೆಗೆ ಮರಳುತ್ತಿದ್ದವು. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಎರವಲು ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದ್ದಾರೆ. ಅಂಥದೇ ಒಂದು ದತ್ತಿಯಾಗಿ ನಾನು ನಮ್ಮೂರಿನ ಸಮುದಾಯ ಭವನಕ್ಕೆ ಇನ್ನೂರು ಸ್ಟೀಲ್ ತಾಟು, ಇನ್ನೂರು ಲೋಟ ಕೊಡಿಸಿದೆ. ಪ್ರತಿಯೊಂದರ ಮೇಲೂ ಅವ್ವನ ಹೆಸರು ಕೊರೆಸಿದೆ. ಬಾಡಿಗೆ ಇಲ್ಲ. ನಿಯಮ ಒಂದೇ, ಉಂಡವರು ತಮ್ಮ ತಾಟು ತಾವೇ ತೊಳೆಯಬೇಕು. ಇದನ್ನು ನಾನು ಹಟ ಹಿಡಿದು ಬರೆಸಿದೆ. ಪ್ಲಾಸ್ಟಿಕ್ ಬಿಡುವ ಕೆಲಸವೆಲ್ಲ ಹೆಂಗಸರ ಬೆನ್ನಿಗೆ ಬಿದ್ದರೆ ಅದು ನಾಲ್ಕು ದಿನದಲ್ಲಿ ನಿಲ್ಲುತ್ತದೆ, ನಿಲ್ಲಬೇಕಾದದ್ದೇ. ಹಾಸ್ಟೆಲಿನ ಮಕ್ಕಳು ದಿನಾ ತಮ್ಮ ತಾಟು ತೊಳೆಯುತ್ತಾರೆ, ಬೀಗರಿಗೆ ಏಕಾಗದು? ಮೊದಲ ಮದುವೆಯಲ್ಲಿ ಗಂಡಸರು ಹಿಂದೆ ಮುಂದೆ ನೋಡಿದರು. ಹುಡುಗಿಯ ಸೋದರಮಾವ ಎದ್ದು ನಲ್ಲಿಯ ಹತ್ತಿರ ಹೋಗಿ ತನ್ನದನ್ನು ತೊಳೆದ. ಆಮೇಲೆ ಸಾಲು ನಿಂತಿತು.

ಎರಡನೆಯ ಕಾರ್ಯಕ್ರಮ ಒಂದು ನಾಮಕರಣ. ಅದು ಮುಗಿದ ಮೇಲೆ ಎಣಿಸಿದರೆ ಎರಡು ತಾಟು ಕಡಿಮೆ. ಹೋದವು ಎಂದುಕೊಂಡೆ. ಮೂರನೆಯ ದಿನ ಓಣಿಯ ಕೊನೆಯ ಮನೆಯ ಹುಡುಗಿ ಎರಡೂ ತಾಟು ಹಿಡಿದು ಬಂದಳು, ಒಂದರ ಮೇಲೊಂದು ಬೋರಲು ಹಾಕಿದ್ದಳು. ಹಾಸಿಗೆ ಹಿಡಿದ ಅಜ್ಜಿಗೆ ಅವತ್ತಿನ ಊಟ ಹಾಕಿಕೊಂಡು ಹೋಗಿದ್ದಳಂತೆ. ಖಾಲಿ ಪಾತ್ರೆ ಮರಳಿ ಕೊಡಬಾರದು ಎಂಬ ರೂಢಿ ನಮ್ಮಲ್ಲಿ ಇನ್ನೂ ಇದೆ. ಮೇಲಿನ ತಾಟು ತೆಗೆದೆ. ಕೆಳಗಿನದರಲ್ಲಿ, ಅವ್ವನ ಹೆಸರಿನ ಪಕ್ಕದಲ್ಲಿ, ಇನ್ನೂ ಬಿಸಿಯಾಗಿದ್ದ ಎರಡು ಶೇಂಗಾ ಹೋಳಿಗೆ ಇದ್ದವು.